ಹಳೆಯ ಸಿಪಿಯುವಿನ ನಿಧಾನ

ಕಂಪ್ಯೂಟರಿನ ಪ್ರೊಸೆಸರ್ ಎಂಬುದು ಒಂದು ಉಪ್ಪುಬಿಸ್ಕತ್ತಿನಷ್ಟು ಚಿಕ್ಕದೆಂದು ನನಗೆ ತಿಳಿದದ್ದು ಈಚೆಗೆ. ಅಲ್ಲಿಯವರೆಗೆ, ಹೊನ್ನಾಳಿಯ ಎಲ್ಲರಂತೆ, ಮೇಜಿನ ಕೆಳಗಿನ ತಗಡಿನ ಪೆಟ್ಟಿಗೆಯನ್ನೇ ಇಡಿಯಾಗಿ ಸಿಪಿಯು ಎಂದು ಕರೆದು, ಅದರ ಗಾತ್ರಕ್ಕೆ ತಕ್ಕ ಗೌರವ ಕೊಡುತ್ತಿದ್ದೆ. ಮನುಷ್ಯರ ವಿಷಯದಲ್ಲೂ ನಾವು ಪೆಟ್ಟಿಗೆ ನೋಡಿಯೇ ಅಲ್ಲವೇ ನಮಸ್ಕಾರ ಹಾಕುವುದು? ನಮ್ಮ ಯಜಮಾನರದು ತೆಳ್ಳನೆಯ ಪೆಟ್ಟಿಗೆ; ಸಿಕ್ಕ ನಮಸ್ಕಾರಗಳೂ ತೆಳ್ಳಗೇ ಇದ್ದವು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದು ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ. ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡ ಮೇಲೆ ಬಾಗಿಲು ಮುಚ್ಚಿತ್ತು. ಮದುವೆಗೆ ಮುಂಚೆ ಟೈಪಿಂಗ್ ಕಲಿತದ್ದೊಂದೇ ನನ್ನ ಬಂಡವಾಳ. ಆ ಬಂಡವಾಳವನ್ನು ನಂಬಿ, ಮತ್ತೆ ತೆರೆಯಿರೆಂದು ಹಟ ಹಿಡಿದವನು ತ್ಯಾವಣಿಗೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮೈದುನ ಶೇಖರ. ಒಂದು ದಿನ ಹೊಸ ಸಿಪಿಯುವನ್ನೇ ಹೊತ್ತು ತಂದ.

"ಹಳೇದು ನನಗೆ ಕೊಡ್ರಿ ಅತ್ತಿಗೆ. ಪಾಸ್‌ಪೋರ್ಟ್ ಫೋಟೋ ಮಾಡಾಕೆ ಸಾಕು."

ನಾನು ಕೊಡುವುದಿಲ್ಲ ಎಂದೆ. ಕಾರಣ ಹೇಳಲು ನಾಚಿಕೆಯಾಯಿತು. ನಿಮಗಾದರೆ ಹೇಳಬಹುದು.

ಆ ಯಂತ್ರದ ನಿಧಾನ ನನಗೆ ಬೇಕಾಗಿತ್ತು. ಪತ್ರಿಕೆ ಟೈಪಾದ ಮೇಲೆ ಯಜಮಾನರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, "ಮಿಷನ್ನು ಸ್ವಲ್ಪ ಸ್ಲೋ ಐತ್ರೀ. ಅದು ತೆಗೀಲಿ, ಅಲ್ಲೀಗಂಟ ನಿಮ್ಮ ಚೀಟ್ಯಾಗಿನ ಹೆಸರು ಇನ್ನೊಂದ್ಸಲ ಓದ್ರಿ" ಎನ್ನುತ್ತಿದ್ದರು. ನಮ್ಮ ಕಡೆಯ ಪತ್ರಿಕೆಗಳಲ್ಲಿ ವಧೂವರರಿಗಿಂತ ಬಂಧುಗಳ ಹೆಸರಿಗೇ ಹೆಚ್ಚು ಜಾಗ; ಒಂದು ಹೆಸರು ಬಿಟ್ಟುಹೋದರೆ ಒಂದು ಮನೆಯೇ ಬಿಟ್ಟುಹೋಗುತ್ತದೆ. ಬುತ್ತಿ ಕೊಡಲು ಹೋದ ನಾನೂ ಗಿರಾಕಿಗಳ ಜೊತೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದೆ. ಸಾಸ್ವೆಹಳ್ಳಿಯ ತಾಯಿಯೊಬ್ಬಳು ಹಾಗೆ ಮಗಳ ಮದುವೆಯ ಚೀಟಿ ಓದುವಾಗ ಯಜಮಾನರು ಕೇಳಿದ್ದರು: "ನಿಮ್ಮ ದೊಡ್ಡಪ್ಪಾರ ಹೆಸರು ಬರಲೇ ಇಲ್ಲಲ್ರೀ?"

"ಮಾತು ಬಿಟ್ಟೀವಿ. ಹೊಲದ ಬದುವಿಗೆ ಜಗಳಾಡಿದ ಮನುಷ್ಯ ಅದು."

"ಆಗ್ಲಿ ಬಿಡ್ರಿ. ಮಿಷನ್ನು ಇನ್ನೂ ತೆಗೀತಾ ಐತೆ."

ಆಕೆ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು, ಬೀದಿಯನ್ನೂ ಸೀಲಿಂಗ್ ಫ್ಯಾನನ್ನೂ ನೋಡಿದಳು. ಆಮೇಲೆ, "ಹಾಕ್ರಿ ಅತ್ಲಾಗೆ. ನನ್ನ ಮದುವ್ಯಾಗೆ ಚಪ್ಪರ ಹಾಕಿದ್ದು ಆತನೇ" ಎಂದಳು. ತಕ್ಷಣ ಪತ್ರಿಕೆ ತೆರೆದುಕೊಂಡಿತು.

ಇಂಥ ಕಾಯುವಿಕೆ ಆ ಹಳೆಯ ಪೆಟ್ಟಿಗೆಯೊಳಗೇ ಇದೆಯೆಂದು ನಾನು ನಂಬಿದ್ದೆ. ಪೆಟ್ಟಿಗೆ ತ್ಯಾವಣಿಗೆಗೆ ಹೋದರೆ ಅದೂ ಹೋಗುತ್ತದೆ, ಅದರೊಂದಿಗೆ ಅವರ ಅಂಗಡಿಯೂ ಹೋಗಿ ನನ್ನದೊಂದು ಅಂಗಡಿ ಮಾತ್ರ ಉಳಿಯುತ್ತದೆ. ಅದು ನನಗೆ ಬೇಡವಾಗಿತ್ತು.

"ಪಂದ್ಯ ಕಟ್ಟೋಣ" ಎಂದ ಶೇಖರ. "ಎರಡಕ್ಕೂ ಒಂದೇ ಕೆಲಸ. ಹಳೇದು ಗೆದ್ರೆ ಇಲ್ಲೇ ಇರ್ಲಿ."

ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟ. ಹಳೆಯದರ ಗಾಳಿಕಂಡಿಗಳ ಮೇಲೆ ಯಜಮಾನರು ಸೋಮವಾರ ಸೋಮವಾರ ಬಳಿದ ವಿಭೂತಿ ಗಟ್ಟಿಕಟ್ಟಿತ್ತು. "ಅಣ್ಣ ಇದರ ಮೂಗಿಗೇ ಬಳಿದಾನಲ್ರೀ, ಇದು ಉಸಿರಾಡಿದ್ದೇ ಹೆಚ್ಚು!" ಎಂದು ನಕ್ಕ. ನಾನೂ ನಕ್ಕೆ. ಆ ಅಂಗಡಿಯಲ್ಲಿ ಮತ್ತೆ ನಗು ಬಂದದ್ದು ಅವತ್ತೇ.

ಮೊದಲು ತಾನು ತೆಗೆದ ಯಾರದೋ ಮದುವೆಯ ವಿಡಿಯೋ ಒಂದನ್ನು ಸಿದ್ಧಮಾಡಲು ಎರಡಕ್ಕೂ ಕೊಟ್ಟ. ಹೊಸದು ಅದನ್ನು ಮುಗಿಸಿದಾಗ ಹಳೆಯದು ಇನ್ನೂ ಅರಿಶಿನದ ಶಾಸ್ತ್ರದಲ್ಲೇ ಇತ್ತು. "ಹಳೇ ಪ್ರೊಸೆಸರಿನಾಗೆ ಇಬ್ಬರು ಆಳು, ಹೊಸದ್ರಾಗೆ ಎಂಟು ಆಳು ಅಂತ ತಿಳ್ಕೊಳ್ರಿ. ಗದ್ದೆ ನಾಟಿಗೆ ಎಂಟು ಆಳು ಬೇಕು. ಹಿತ್ತಲಾಗೆ ನಾಲ್ಕು ಬದನೆಗಿಡ ನೆಡಾಕೆ ಎಷ್ಟಿದ್ರೂ ಅಷ್ಟೇ."

ಕೊನೆಗೆ ನನ್ನ ಒತ್ತಾಯಕ್ಕೆ ಒಂದು ಲಗ್ನಪತ್ರಿಕೆ ತೆರೆದ. ಎರಡು ಪರದೆಗಳಲ್ಲೂ ಅದು ಒಟ್ಟಿಗೇ ಬಂತು.

"ಇದು ಸ್ಲೋ ಅಲ್ಲವಾ?" ಎಂದೆ.

"ಎಲ್ಲೈತ್ರೀ ಸ್ಲೋ? ಪತ್ರಿಕೆ ಅಂದ್ರೆ ಬದನೆಗಿಡ. ಯಾವತ್ತೂ ಹಿಂಗೇ ಬಂದಿರ್ತೈತೆ."

ಇನ್ನೊಂದು ತೆಗೆ ಎಂದೆ. ಮತ್ತೊಂದು. ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದವು. ತಮ್ಮ ಕಡೆ ತಿರುಗಿಸಿಕೊಂಡ ಪರದೆಯಲ್ಲಿ ಸಿದ್ಧವಾಗಿ ಕೂತ ಪತ್ರಿಕೆಯನ್ನು ಮರೆಮಾಡಿ, ಸಂಭಾವಿತ ಮುಖ ಹೊತ್ತು, ಆ ಮನುಷ್ಯ ಇಷ್ಟು ವರ್ಷ ಊರಿಗೆ ಊರನ್ನೇ ಕಾಯಿಸಿದ್ದರು. ಬೈಗುಳವನ್ನೆಲ್ಲ ಒಂದು ತಗಡಿನ ಪೆಟ್ಟಿಗೆಗೆ ಹೊರಿಸಿದ್ದರು.

ಊಟವಾದ ಮೇಲೆ ಖಾಲಿ ಬುತ್ತಿ ಹಿಡಿದು ನಾನು ಎದ್ದಾಗಲೆಲ್ಲ, "ಇರು, ಇದೊಂದು ಬಂದ್ಬಿಡ್ಲಿ, ಕೂತ್ಕೋ" ಎನ್ನುತ್ತಿದ್ದರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲೂ ಅದು ಬರಲು ಬಹಳ ಹೊತ್ತು ಹಿಡಿಯುತ್ತಿತ್ತು.

ಶೇಖರ ಇನ್ನೂ ಏನೇನೋ ವಿವರಿಸುತ್ತಿದ್ದ. ನಾನು ಹಳೆಯ ಪೆಟ್ಟಿಗೆಯ ವೈರುಗಳನ್ನು ಒಂದೊಂದಾಗಿ ಬಿಡಿಸಿ, "ತಗೊಂಡು ಹೋಗು. ವಿಭೂತಿ ಮಾತ್ರ ಒರೆಸಬೇಡ" ಎಂದೆ.

"ಗಾಳಿ ಆಡಾಕೆ ಒಂದು ಕಂಡಿನಾದ್ರೂ ಒರೆಸ್ತೀನ್ರಿ ಅತ್ತಿಗೆ" ಎಂದು ಬೈಕಿಗೆ ಕಟ್ಟಿಕೊಂಡ.

ಮರುವಾರ ನ್ಯಾಮತಿಯಿಂದ ಒಬ್ಬರು ಗೃಹಪ್ರವೇಶದ ಪತ್ರಿಕೆಗೆ ಬಂದರು. ಉಪ್ಪುಬಿಸ್ಕತ್ತಿನೊಳಗಿನ ಎಂಟೂ ಆಳುಗಳು ಕೆಲಸ ಮುಗಿಸಿ ಕೈಕಟ್ಟಿ ನಿಂತಿದ್ದರು. ನಾನು ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಹೊಸಾದು ಅಂತಾರೆ, ಇಷ್ಟೊತ್ತು ಬೇಕೇನ್ರೀ ಅಕ್ಕಾ?" ಎಂದರು ಅವರು, ಬೆಂಚಿನ ಮೇಲೆ ಕೂರುತ್ತ.

"ಬರ್ತೈತ್ರಿ" ಎಂದೆ. "ನಿಮ್ಮ ಅಕ್ಕ-ತಂಗೇರು ಎಷ್ಟು ಜನ?"