ಗಂಗವ್ವನ ಎರಡು ಕೂರಿಗೆ

ಪುಣೆಯ ಧನಕವಡಿಯ ನಮ್ಮ ಅಡುಗೆಮನೆಯಲ್ಲಿ, ಜೋಳದ ಡಬ್ಬಿಯ ಹಿಂದೆ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಕಾಗದಗಳ ಗಂಟೊಂದಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ಎಸೆಯಲು ಮನಸ್ಸಿಲ್ಲ, ಬಿಚ್ಚಲು ಧೈರ್ಯವಿಲ್ಲ. ಬೆಳಗಾವಿ ಸೀಮೆಯ ಒಕ್ಕಲುಮನೆತನದಿಂದ ಕಾರ್ಖಾನೆಯ ಕೆಲಸಕ್ಕೆಂದು ಪುಣೆಗೆ ಬಂದ ಅಪ್ಪ ಅದನ್ನು ಜೊತೆಗೇ ತಂದಿದ್ದರು. ನಾನು ಕಂಡಂತೆ ಒಮ್ಮೆಯೂ ಬಿಚ್ಚಿರಲಿಲ್ಲ.

ಕಾರಣ ಗಂಗವ್ವ. ಅಪ್ಪನ ಅಜ್ಜ ಬಸಪ್ಪನ ತಂಗಿ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಬಸಪ್ಪ ಅವಳನ್ನು ಹೊರಗೆ ಹಾಕಿ, ತಂದೆ ಅವಳಿಗೆ ಕೊಟ್ಟಿದ್ದ ಹೊಲವನ್ನು ತನ್ನ ಮಗನ ಹೆಸರಿಗೆ ಬರೆಸಿಕೊಂಡನೆಂದು ಊರು ಆಡಿಕೊಳ್ಳುತ್ತಿತ್ತು. ಆ ಮಗನೇ ಅಪ್ಪನ ತಂದೆ. ಅದೇ ಹೊಲದ ಜೋಳ ಉಂಡು ಬೆಳೆದ ಅಪ್ಪ, ಹತ್ತು ವರ್ಷದವರಿದ್ದಾಗ ಕೇಳಿದ ಆ ಮಾತನ್ನು ಎಂಬತ್ತರವರೆಗೂ ಹೊತ್ತಿದ್ದರು. ಮನೆತನದ ಸುದ್ದಿ ಬಂದರೆ ಎದ್ದು ಬಾಲ್ಕನಿಗೆ ಹೋಗುವರು.

ಕಳೆದ ಬೇಸಿಗೆಯಲ್ಲಿ ಇಲಿಯೊಂದು ಸೀರೆಯ ತುದಿ ಕಡಿದಾಗ ನಾನೇ ಗಂಟು ಬಿಚ್ಚಿದೆ. ಒಳಗಿದ್ದದ್ದೆಲ್ಲ ಮೋಡಿ ಲಿಪಿ, ಹಿಂದಿನ ಕಚೇರಿಗಳ ಮರಾಠಿ ಬರಹ. ಹೆಸರಿಗೆ ತಕ್ಕಂತೆ ಮೋಡಿ ಮಾಡಿ ಅರ್ಥವನ್ನು ಅಡಗಿಸುವಂಥದು. ಅಪ್ಪನಿಗೆ ಹೇಳದೆ, ಅದನ್ನು ಓದಬಲ್ಲ ಸುಮನ್‌ತಾಯಿ ಎಂಬ ನಿವೃತ್ತ ಶಿಕ್ಷಕಿಯ ಮನೆಗೆ ಹೋದೆ. ಒಪ್ಪಿಕೊಳ್ಳುತ್ತೇನೆ: ಊರಿನ ಮಾತು ನಿಜವಾದರೆ ಎಲ್ಲವನ್ನೂ ಮತ್ತೆ ಕಟ್ಟಿ, ಓದಲಾಗಲಿಲ್ಲವೆಂದು ಸುಳ್ಳು ಹೇಳಲು ಸಿದ್ಧಳಾಗಿಯೇ ಹೋಗಿದ್ದೆ.

ಮೊದಲು ಸಿಕ್ಕಿದ್ದು ಗಂಗವ್ವನ ಮೃತ್ಯುಪತ್ರ, ಅಂದರೆ ಉಯಿಲು. ಕೂಡುಮನೆಯ ಗದ್ದಲ ತಾಳದೆ, ಅಣ್ಣ ಬೇಡವೆಂದರೂ ತಾನೇ ಹೊಲದ ಮನೆಗೆ ಬಂದೆನೆಂದೂ, ತನ್ನ ಬೇನೆಯಲ್ಲಿ ಅಣ್ಣನ ಮಗ ಹಾಸಿಗೆಯ ಬದಿ ಬಿಡದ್ದರಿಂದ ಹೊಲ ಅವನಿಗೇ ಸೇರಬೇಕೆಂದೂ ಬರೆಸಿದ್ದಳು. ಕೆಳಗೆ ಹೆಬ್ಬೆಟ್ಟು. ಹೆಬ್ಬೆಟ್ಟನ್ನು ಯಾರಾದರೂ ಒತ್ತಿಸಿಕೊಳ್ಳಬಹುದಲ್ಲ ಎಂದು ಅನುಮಾನಿಸುತ್ತಲೇ ಮುಂದಿನ ಕಾಗದ ಚಾಚಿದೆ. ಎರಡನೆಯದು ಬಸಪ್ಪನ ಮೃತ್ಯುಪತ್ರ. ತಂಗಿ ತನ್ನದನ್ನು ಬರೆಸುವ ಮೊದಲೇ ಅವನು ತೀರಿಕೊಂಡಿದ್ದ. ಮಕ್ಕಳಿಗೆಲ್ಲ ಪಾಲು ಹಂಚಿ, ತಂಗಿಯ ಹೊಲ ತಂಗಿಯದೇ, ಅದರ ಮೇಲೆ ತನ್ನ ಮಕ್ಕಳಿಗೆ ಹಕ್ಕಿಲ್ಲವೆಂದು ಸ್ಪಷ್ಟವಾಗಿ ಬರೆಸಿದ್ದ. ಮೂರನೆಯದು ಗಂಗವ್ವ ಹೋದ ಮೇಲೆ ಅವಳ ಮನೆಯಲ್ಲಿದ್ದುದರ ಯಾದಿ: ಒಂದು ಜೋಡಿ ಎತ್ತು, ಕರುವಿರುವ ಎಮ್ಮೆ, ಬೀಸುಕಲ್ಲು, ತಾಮ್ರದ ಹಂಡೆ, ಬೇವಿನ ಸೊಪ್ಪು ಬೆರೆಸಿಟ್ಟ ಬಿತ್ತನೆಯ ಜೋಳ, ಬಿತ್ತಲು ಎರಡು ಕೂರಿಗೆ. ಬೀದಿಗೆ ಬಿದ್ದವಳ ಮನೆಯಾಗಿರಲಿಲ್ಲ ಅದು.

ಸುಮನ್‌ತಾಯಿ ಕನ್ನಡಕ ತೆಗೆದು, ಇನ್ನು ಅಳಬೇಡ ಮಗಳೇ ಎಂದು ಮರಾಠಿಯಲ್ಲಿ ಅಂದಾಗಲೇ ನಾನು ಅಳುತ್ತಿದ್ದೇನೆಂದು ನನಗೆ ತಿಳಿದದ್ದು. ಒಬ್ಬ ಹೆಣ್ಣುಮಗಳು ತನ್ನ ಪಾಡಿಗೆ ತಾನಿರಲು ಬಯಸಿದ್ದನ್ನು ಊರು ನಂಬದೆ, ಅದಕ್ಕೊಬ್ಬ ಕಟುಕ ಅಣ್ಣನನ್ನು ಹುಟ್ಟಿಸಿಕೊಂಡಿತ್ತು, ಅಷ್ಟೇ.

ಮನೆಗೆ ಬಂದು ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಈ ಸಲ ಅವರು ಬಾಲ್ಕನಿಗೆ ಹೋಗಲಿಲ್ಲ. ಮೃತ್ಯುಪತ್ರಗಳ ಬಗ್ಗೆ ಒಂದೂ ಪ್ರಶ್ನೆ ಕೇಳದೆ, ಸುಮನ್‌ತಾಯಿ ಹೇಳಿ ಬರೆಸಿದ್ದ ಯಾದಿಯನ್ನು ಮಾತ್ರ ಇನ್ನೊಮ್ಮೆ ಓದಿಸಿಕೊಂಡರು.

“ಕೂರಿಗಿ ಎರಡು ಇದ್ದೂವೇನು?”

“ಹೌದ್ರಿ ಅಪ್ಪಾ, ಎರಡು.”

“ಹಂಗಾರ ಒಕ್ಕಲುತನ ಭಾಳ ಛಲೋ ಮಾಡ್ಯಾಳ.”

ಯಾದಿಯ ಹಾಳೆಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು. ಆಮೇಲೆ ಬೆಳಗಾವಿಯಲ್ಲಿರುವ ತಮ್ಮನಿಗೆ ಫೋನ್ ಹಚ್ಚಿಕೊಡೆಂದರು. ಅತ್ತಲಿಂದ ಹಲೋ ಕೇಳಿದೊಡನೆ, ಆರೋಗ್ಯವನ್ನೂ ವಿಚಾರಿಸದೆ ಮಾತಾಡಿದರು:

“ತಮ್ಮಾ, ನಾವು ಯಾರದೂ ಕಸಗೊಂಡಿಲ್ಲೋ. ಆಕೀನ ಕೊಟ್ಟಾಳ.”