ಮೊದಲು ಮೇನು, ಆಮೇಲೆ ಕೈ

ಐದನೆಯ ಸಲ ಪೆಟ್ಟಿಗೆ ಕೆಟ್ಟಿದೆ ಎಂದು ಬೆಟಗೇರಿಯಿಂದ ಫೋನು ಬಂದಾಗ ಜೈಬುನ್ನೀಸಾಳಿಗೆ ಸಿಟ್ಟು ಬರಲಿಲ್ಲ, ದಣಿವಾಯಿತು. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಲಕ್ಷ್ಮೇಶ್ವರದ ತನ್ನ ರಿಪೇರಿ ಅಂಗಡಿಗೆ ಬೀಗ ಜಡಿದು, ಗದಗಿನ ಬಸ್ಸು ಹತ್ತಿ, ಕಿಟಕಿಗೆ ತಲೆ ಆನಿಸಿ ಕೂತಳು.

ನಲವತ್ತನಾಲ್ಕರ ಹೆಂಗಸು. ರೇಡಿಯೋ ಬಿಚ್ಚುವುದನ್ನು ಅಪ್ಪನಿಂದ ಕಲಿತಳು, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶವನ್ನು ಯಾರಿಂದಲೂ ಅಲ್ಲ. ಫೋನಿನಲ್ಲಿ ಓದಿ, ತಪ್ಪು ಮಾಡಿ, ಮತ್ತೆ ಓದಿ ಕಲಿತಳು. ಬೆಟಗೇರಿಯ ಕರೆಂಟಿನ ಮಗ್ಗಗಳಲ್ಲಿ ಸೆರಗಿನ ಹೂಬಳ್ಳಿಗೆ ತೂತು ಕೊರೆದ ರಟ್ಟುಗಳ ಮಾಲೆ ಹಾಕುತ್ತಿದ್ದರು. ಅದರ ಬದಲು ಇವಳು ಅಂಗೈ ಅಗಲದ ಕಂಪ್ಯೂಟರ್ ಬೋರ್ಡೊಂದನ್ನು ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ ಮಗ್ಗಕ್ಕೆ ಕಟ್ಟಿದಳು. ಯಾವ ಎಳೆ ಏಳಬೇಕು, ಯಾವುದು ಕೆಳಗಿರಬೇಕು ಎಂದು ಅದೇ ಹೇಳುತ್ತದೆ. ಎಂಟು ವರ್ಷ ಇದಕ್ಕೇ ಸವೆದಿದ್ದವು.

ಎಲ್ಲರಿಗಿಂತ ಮೊದಲು ಅದನ್ನು ಒಪ್ಪಿಕೊಂಡವಳು ಐದು ಮಗ್ಗಗಳ ಯಜಮಾನಿ ಕಳಕವ್ವ. "ಹೆಣ್ಮಗಳು ಮಾಡ್ಯಾಳ, ನಾವು ಹಚ್ಚಿಕೊಳ್ಳದಿದ್ರ ಮತ್ಯಾರು ಹಚ್ಚಿಕೊಂಡಾರು" ಅಂದಿದ್ದಳು. ಅವಳನ್ನು ನೋಡಿ ಇನ್ನೂ ಆರು ಮನೆಯವರು ತೆಗೆದುಕೊಂಡರು. ಈಗ ಅವಳೇ ಪೆಟ್ಟಿಗೆ ಕಳಚಿ ರಟ್ಟಿಗೆ ಮರಳಿದರೆ ಉಳಿದವರೂ ಕಳಚುತ್ತಾರೆ. ಎಂಟು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ವಿಚಿತ್ರವೆಂದರೆ ಬೇರೆಯವರ ಮನೆಯಲ್ಲಿ ಒಂದೂ ಕೆಡುತ್ತಿರಲಿಲ್ಲ. ಕರೆಂಟು ಹೋದರೂ ಪೆಟ್ಟಿಗೆಯನ್ನು ಇನ್ವರ್ಟರ್ ಹಿಡಿಯುತ್ತಿತ್ತು. ಕಳಕವ್ವ ಮಾತ್ರ ನೂಲು ಸಿಕ್ಕಿದಾಗೆಲ್ಲ, ಇನ್ವರ್ಟರಿನ ಕರೆಂಟನ್ನೂ ಕಡಿಯುವ ಮೇನ್ ಸ್ವಿಚ್ಚನ್ನೇ ಇಳಿಸಿಬಿಡುತ್ತಿದ್ದಳು. ಬೋರ್ಡು ಏನನ್ನೋ ಬರೆಯುತ್ತಿರುವಾಗಲೇ ಉಸಿರು ನಿಂತರೆ ಒಳಗಿನ ಮೆಮೊರಿ ಕಾರ್ಡು ಹಾಳಾಗುತ್ತದೆ. ಮೊದಲು ಕೆಂಪು ಗುಂಡಿ ಒತ್ತಿ, ಹಸಿರು ದೀಪ ಆರುವ ತನಕ ತಡೆದು, ಆಮೇಲೆ ಮೇನ್ ಇಳಿಸಿರೆಂದು ಜೈಬುನ್ನೀಸಾ ನಾಲ್ಕು ಸಲ ಹೇಳಿದ್ದಳು. ಕಳಕವ್ವ "ಇಲ್ಲ ಬೇ, ಮೊದಲು ಮೇನು" ಅನ್ನುವಳು. ಯಾಕೆ ಎಂದು ಇವಳು ಕೇಳಿರಲಿಲ್ಲ. ಹೋದ ಸಲ ತಾಳ್ಮೆ ಕೆಟ್ಟು, ನೇಯುವವರೆಲ್ಲರ ಎದುರಿಗೇ, "ಎಷ್ಟ ಸಲ ಹೇಳಬೇಕ್ರಿ? ಇಷ್ಟ ತಿಳಿಗೇಡಿತನ ಇದ್ರ ಮಷೀನ್ ಯಾಕ ಬೇಕಿತ್ತು?" ಅಂದುಬಿಟ್ಟಿದ್ದಳು. ಕಳಕವ್ವ ಸೆರಗು ಹೊದ್ದುಕೊಂಡು ಒಳಗೆ ಹೋಗಿದ್ದಳು.

ಈ ಸಲ ಕಾರ್ಡು ಬದಲಿಸಿ ಏಳುವಷ್ಟರಲ್ಲಿ ಎರಡನೆಯ ಮಗ್ಗದಲ್ಲಿ ನೂಲು ಸಿಕ್ಕಿಕೊಂಡಿತು. ನೇಯುತ್ತಿದ್ದ ಗದಿಗೆವ್ವ ಕೈ ಎತ್ತಿದಳು. ಕಳಕವ್ವ ಬಾಗಿಲ ಬಳಿ ಹೋಗಿ ಮೇನ್ ಇಳಿಸಿ, "ಇಳೀತು" ಎಂದು ಕೂಗಿದಳು. ಐದೂ ಮಗ್ಗ ನಿಂತವು. ಆಮೇಲಷ್ಟೇ ಗದಿಗೆವ್ವ ಮಗ್ಗದೊಳಗೆ ಕೈ ಹಾಕಿದಳು.

"ಅಲ್ಲವಾ, ಒಂದು ಗುಂಡಿ ಒತ್ತಾಕ ಏನ ತ್ರಾಸು ನಿಮಗ?" ಎಂದು ಜೈಬುನ್ನೀಸಾ ಗದಿಗೆವ್ವನನ್ನು ಮೆಲ್ಲಗೆ ಕೇಳಿದಳು.

ಗದಿಗೆವ್ವ ದನಿ ತಗ್ಗಿಸಿದಳು. "ನಿಮಗ ಗೊತ್ತಿಲ್ಲೇನ್ರಿ? ನಿಮ್ಮ ಪೆಟಗಿ ಬರೂ ಮೊದಲ ಅವರ ಯಜಮಾನ್ರು ಹುಚ್ಚೀರಪ್ಪನವರು ಇದ ಮಗ್ಗದಾಗ ಹೋದ್ರು. ಮಗ್ಗದ ಗುಂಡಿ ಬಂದ್ ಮಾಡೇನಿ ಅಂತ ಕೈ ಹಾಕಿದ್ರು. ಒಳಗ ಕರೆಂಟ್ ಇತ್ತು, ಬಿಡಲಿಲ್ಲ. ಅವತ್ತಿಂದ ಈ ಮನ್ಯಾಗ ಮೊದಲು ಮೇನು, ಆಮ್ಯಾಲೆ ಕೈ."

ಜೈಬುನ್ನೀಸಾಳಿಗೆ ಮುಖ ಎತ್ತಲಾಗಲಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ಅವಳ ಅಪ್ಪನೇ ಸಾವಿರ ಸಲ ಹೇಳಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ತನ್ನ ಪೆಟ್ಟಿಗೆಯ ಕೊರತೆಯನ್ನು ಗಂಡನನ್ನು ಕಳೆದುಕೊಂಡವಳ ತಲೆಗೆ ಕಟ್ಟಿದ್ದಳು. ನಾಚಿಕೆಯಾಯಿತು.

ಮುಂದಿನ ಆರು ವಾರ ಅವಳು ಬೇರೆ ಕೆಲಸ ಹಿಡಿಯಲಿಲ್ಲ. ಕಾರ್ಡನ್ನು ಓದಬೇಕಷ್ಟೇ, ಬರೆಯಕೂಡದು ಎಂದು ಲಿನಕ್ಸಿಗೆ ಕಟ್ಟು ಹಾಕಿದಳು. ಆದರೆ ಎಷ್ಟನೆಯ ಹೊಕ್ಕಿನಲ್ಲಿ, ಅಂದರೆ ಎಷ್ಟನೆಯ ಅಡ್ಡ ಎಳೆಯಲ್ಲಿ, ಮಗ್ಗ ನಿಂತಿತು ಎಂಬುದನ್ನು ಎಲ್ಲಾದರೂ ಬರೆದಿಡಲೇಬೇಕು, ಇಲ್ಲವಾದರೆ ಹೂವು ನಡುವೆ ತುಂಡಾಗುತ್ತದೆ. ಆ ಒಂದು ಸಂಖ್ಯೆಗಾಗಿ ಬೇರೊಂದು ಪುಟ್ಟ ಮೆಮೊರಿ ಚಿಪ್ ಬೆಸುಗೆ ಹಾಕಿದಳು, ಕಣ್ಣು ಮಿಟುಕಿಸುವುದರೊಳಗೆ ಬರೆದು ಮುಗಿಸುವಂಥದ್ದು. ಅಂಗಡಿಯಲ್ಲಿ ಸಾವಿರ ಸಲ ವೈರು ಕಿತ್ತು ನೋಡಿದಳು. ಮೈ ಸೋತಿತು, ಬೋರ್ಡು ಸೋಲಲಿಲ್ಲ.

ಬೆಟಗೇರಿಗೆ ಒಯ್ದು ಮೊದಲ ಮಗ್ಗಕ್ಕೆ ಕಟ್ಟಿದಳು. "ಈಗ ನಿಮ್ಮ ರೀತಿನ ಮಾಡ್ರಿ, ಅವ್ವಾರ" ಎಂದಳು. ಸೆರಗಿನ ಹೂವು ಅರ್ಧ ಅರಳಿತ್ತು. ಕಳಕವ್ವ ಬಾಗಿಲಿಗೆ ಹೋಗಿ ಮೇನ್ ಇಳಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಏರಿಸಿದಳು. ಅರ್ಧ ನಿಮಿಷದಲ್ಲಿ ಪೆಟ್ಟಿಗೆ ಎಚ್ಚರವಾಗಿ, ನಿಂತಲ್ಲಿಂದಲೇ ಮಗ್ಗ ನಡೆಯಿತು. ಮತ್ತೆ ಎರಡು ಸಲ ಇಳಿಸಿ ಏರಿಸಿದಳು. ಕೊನೆಗೆ ಹೂವಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ಎಲ್ಲೂ ಎಳೆ ತಪ್ಪಿರಲಿಲ್ಲ.

"ಅವತ್ತು ನಾ ಹಂಗ ಅನಬಾರದಿತ್ತು ಅವ್ವಾರ. ತಪ್ಪು ನಂದು" ಎಂದಳು ಜೈಬುನ್ನೀಸಾ.

ಕಳಕವ್ವ ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ. "ಪೆಟಗಿ ಛಲೋ ಐತಿ, ಇರ್ಲಿ. ಉಳಿದ ನಾಕಕ್ಕೂ ಹಚ್ರಿ. ಆದ್ರ ಅವರು ಹೋದ ಜಾಗಾದಾಗ ನಿಂತು, ಮಂದಿ ಮುಂದ ನನಗ ತಿಳಿಗೇಡಿ ಅಂದ್ರಿ. ಇನ್ನ ಮುಂದ ಇದು ಕೆಟ್ರ ನೀವು ಬರಬ್ಯಾಡ್ರಿ. ಬ್ಯಾರೆಯವ್ರನ್ನ ಕಳಿಸ್ರಿ."

ಬೇರೆಯವರೆಂದರೆ ಯಾರು? ಗದಗಿನಿಂದ ಮುಂಡರಗಿಯವರೆಗೆ ಹುಡುಕಿದರೂ ಆ ಪೆಟ್ಟಿಗೆ ಬಿಚ್ಚಬಲ್ಲ ಇನ್ನೊಬ್ಬರು ಇರಲಿಲ್ಲ. ಆದರೂ ಜೈಬುನ್ನೀಸಾ "ಆತ್ರಿ" ಎಂದಳು. ಎರಡನೆಯ ಮಗ್ಗದ ಮುಂದೆ ಕೂತು, ಇನ್ನೆಂದೂ ಕೆಡದ ಹಾಗೆ ಮಾಡಲೆಂದು ಅದರ ಪೆಟ್ಟಿಗೆಯ ಒಂದೊಂದೇ ತಿರುಪು ಬಿಚ್ಚತೊಡಗಿದಳು.