ಅಜ್ಜಿ ಓಡಿದ ಮಧ್ಯಾಹ್ನ

ನನ್ನ ಅಜ್ಜಿ, ಅಂದರೆ ಅಮ್ಮನ ತಾಯಿ, ಮೂಕಿ ಚಿತ್ರಗಳ ನಟಿಯಾಗಿದ್ದಳು. ಫೋರ್ಟ್ ಲೀಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೀಗೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹಾಲಿವುಡ್‌ಗಿಂತ ಮೊದಲು ಅಮೆರಿಕದ ಸಿನಿಮಾಗಳು ತಯಾರಾಗುತ್ತಿದ್ದದ್ದು ಈ ಊರಿನಲ್ಲೇ. ಹಾಗಾಗಿ ಲಿಫ್ಟಿನಲ್ಲಿ ಸಿಗುವ ಮುದುಕರಿಗೆಲ್ಲ ಕ್ಯಾಮೆರಾ ಮುಂದೆ ಕುದುರೆಯಿಂದ ಬಿದ್ದ ಒಬ್ಬ ಅಜ್ಜ ಇದ್ದೇ ಇರುತ್ತಾನೆ. ಮೈಸೂರಿನಲ್ಲಿ ಮಾತ್ರ ನಾವು ಈ ವಿಷಯ ಬಾಯಿ ಬಿಡುವಂತಿರಲಿಲ್ಲ. ತಾತ ಬದುಕಿರುವವರೆಗೂ ಅದನ್ನು ‘ಹಿಂದಿನ ಕೆಲಸ’ ಎಂದೇ ಕರೆಯುತ್ತಿದ್ದರು. ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳೇನೋ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಅಮ್ಮನಿಂದ ಕೇಳಿ ಗೊತ್ತಾಗಿರುವುದು ಇಷ್ಟು. ಅಜ್ಜಿಯ ಅಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ. ಕಂಪನಿ ಮುಳುಗಿದ ಮೇಲೆ ಬೆಂಗಳೂರಿನ ಸಿನಿಮಾದವರು ಬಂದು, ಕುದುರೆಗೆ ಹೆದರದ ಹುಡುಗಿ ಬೇಕು ಎಂದರಂತೆ. ಅಜ್ಜಿ ಹೆದರುತ್ತಿರಲಿಲ್ಲ. ಅರಮನೆಯ ಸೆಟ್ಟಿಗೆ ಸೂರು ಇರಲಿಲ್ಲ, ಬಿಸಿಲೇ ದೀಪ. ಮೋಡ ಕವಿದರೆ ರಾಜ, ಮಂತ್ರಿ, ರಾಣಿ ಎಲ್ಲರೂ ಸಿಂಹಾಸನದ ಹಿಂದೆ ಕೂತು ಚೌಕಾಬಾರ ಆಡುತ್ತಿದ್ದರು. ಕ್ಯಾಮೆರಾದವನು ಕೈಯಿಂದಲೇ ಹಿಡಿ ತಿರುಗಿಸುತ್ತಿದ್ದ. ನಿರ್ದೇಶಕ ಪಕ್ಕದಲ್ಲಿ ನಿಂತು ಅಳು, ತಿರುಗು, ಈಗ ಸಾಯಿ ಎಂದು ಕೂಗುತ್ತಲೇ ಇರುತ್ತಿದ್ದ. ಹೇಗೂ ಶಬ್ದ ದಾಖಲಾಗುತ್ತಿರಲಿಲ್ಲವಲ್ಲ. ಅಜ್ಜಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ರಾಜನ ಎರಡನೆಯ ಹೆಂಡತಿಯ ಪಾತ್ರ. ಅರ್ಧ ಚಿತ್ರಗಳಲ್ಲಿ ವಿಷ ಹಾಕಿದಳು, ಇನ್ನರ್ಧದಲ್ಲಿ ಕುಡಿದಳು.

ಆಮೇಲೆ ಟಾಕಿ ಬಂತು. ಸಿನಿಮಾದವರು ಕರೆದು, ಒಂದು ಹಾಡು ಹೇಳಮ್ಮ ಎಂದರು. ಅಜ್ಜಿ ಹಾಡಿದಳು. ಆ ತಿಂಗಳೇ ಅವಳಿಗೂ ಪೋಸ್ಟಾಫೀಸಿನ ಗುಮಾಸ್ತರಾಗಿದ್ದ ನಮ್ಮ ತಾತನಿಗೂ ಮದುವೆಯಾಯಿತು. ಹಾಡು ಹೇಗಿತ್ತೆಂದು ಇದರಿಂದಲೇ ಊಹಿಸಬಹುದು.

ಅಮ್ಮ ಎರಡನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಜ್ವರ ಬಂದು ತೀರಿಹೋದಳು. ಚಿತ್ರಗಳ ಸುರುಳಿಗಳನ್ನು ಕರಗಿಸಿ ಬಳೆ ಮಾಡುವವರು ಕೊಂಡುಕೊಂಡು ಹೋದರಂತೆ. ಉಳಿದದ್ದು ರಾಣಿಯ ವೇಷದ ಒಂದು ಫೋಟೋ. ಅದರಲ್ಲಿ ಬಣ್ಣ ಎಷ್ಟು ದಪ್ಪವಾಗಿದೆಯೆಂದರೆ, ಹಾಗೆ ಬಳಿದರೆ ನಮ್ಮಪ್ಪನೂ ಹಾಗೇ ಕಾಣುತ್ತಿದ್ದರು ಎನ್ನುತ್ತಾಳೆ ಅಮ್ಮ. ತನ್ನ ತಾಯಿಯ ಮುಖ ಅವಳಿಗೆ ಮರೆತುಹೋಗಿದೆ. ನೆನಪಿರುವುದು ನಡಿಗೆಯೊಂದೇ, ಕೈ ಹಿಡಿದುಕೊಂಡು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದ ನಡಿಗೆ. ಅದನ್ನೊಂದು ಸಲ ನೋಡಿದ್ದರೆ ಆಗುತ್ತಿತ್ತು ಎಂದು ಅವಳು ಆಗಾಗ ಹೇಳುತ್ತಿದ್ದಳು. ಸುರುಳಿಯೆಲ್ಲ ಬಳೆಯಾದ ಮೇಲೆ ನಾನೇನು ಮಾಡಲಿ?

ಹೋದ ಚಳಿಗಾಲದಲ್ಲಿ ಲೈಬ್ರರಿಗೆ ಹೋಗಿದ್ದಾಗ, ಬೇರೆ ಬೇರೆ ದೇಶಗಳ ಮೂಕಿ ಚಿತ್ರಗಳ ಅಳಿದುಳಿದ ತುಣುಕುಗಳನ್ನು ಶನಿವಾರ ತೋರಿಸುತ್ತಾರೆ ಎಂಬ ಚೀಟಿ ಕಣ್ಣಿಗೆ ಬಿತ್ತು. ಅದರ ಕೆಳಗಡೆ, ಸಣ್ಣ ಅಕ್ಷರದಲ್ಲಿ, ಅಜ್ಜಿ ಸಿನಿಮಾಕ್ಕಾಗಿ ಇಟ್ಟುಕೊಂಡಿದ್ದ ಹೆಸರಿತ್ತು. ನಾನು ಅಲ್ಲೇ ಕುರ್ಚಿ ಹುಡುಕಿಕೊಂಡು ಕೂತೆ. ಮನೆಗೆ ಬಂದು ಹೇಳಿದಾಗ ಅಮ್ಮ, ಯಾವ ಸೀರೆ ಉಡಲಿ ಎಂದಷ್ಟೇ ಕೇಳಿದಳು. ಶನಿವಾರ ಮೈಸೂರು ರೇಷ್ಮೆಯ ಮೇಲೆ ಮೊಣಕಾಲು ಮುಚ್ಚುವ ವಿಂಟರ್ ಜಾಕೆಟ್ ಹಾಕಿಕೊಂಡು ಹೊರಟಳು. ಹೋಬೋಕನ್‌ನಲ್ಲಿರುವ ನನ್ನ ಮಗಳೂ ಬಂದಳು. ಬ್ರಿಡ್ಜ್ ಹತ್ತಿರದ ಸಿಗ್ನಲ್ ಅಮ್ಮ ದಾಟುವುದರೊಳಗೆ ಎಂದಿನಂತೆ ಕೆಂಪಾಯಿತು. ಕಾರಿನವರು ಎಂದಿನಂತೆ ಹಾರ್ನ್ ಹೊಡೆದರು, ನಾನು ಎಂದಿನಂತೆ ಬೇಗ ಬಾಮ್ಮ ಎಂದೆ.

ತುಣುಕು ನಾಲ್ಕೈದು ನಿಮಿಷದ್ದು. ರಾಣಿ ಮಂಟಪದಿಂದ ಇಳಿದು, ಅಂಗಳದಲ್ಲಿ ನಿಂತ ಹೆಂಗಸರಿಗೆ ಬಾಗಿನ ಕೊಟ್ಟು, ಎತ್ತಿನ ಗಾಡಿಯೊಂದಕ್ಕೆ ದಾರಿ ಬಿಟ್ಟು, ಒಂದು ಬಾಗಿಲು ದಾಟಿ ಒಳಗೆ ಹೋಗುತ್ತಾಳೆ. ಇಷ್ಟನ್ನೂ ಅಜ್ಜಿ ಓಡಿಕೊಂಡು ಮಾಡಿದಳು. ಟಪಟಪ ಇಳಿದಳು, ಇಸ್ಪೀಟು ಎಲೆ ಹಂಚಿದಂತೆ ಬಾಗಿನ ಹಂಚಿದಳು, ಬಾಗಿಲೊಳಗೆ ನುಗ್ಗಿದಳು. ಜನ ನಕ್ಕರು. ಮುಂದಿನ ಸಾಲಿನಲ್ಲಿ ಪಿಯಾನೋ ನುಡಿಸುತ್ತಿದ್ದ ಹೆಂಗಸೂ ಅದಕ್ಕೆ ತಕ್ಕಂತೆ ಜೋರು ಮಾಡಿದಳು. “ಅಜ್ಜಿ, ಶೀ ಈಸ್ ಸೋ ಕ್ಯೂಟ್” ಎಂದು ಮಗಳು ಅಮ್ಮನ ಕಡೆ ಬಾಗಿದಳು.

“ಇವಳು ನಮ್ಮಮ್ಮ ಅಲ್ಲ” ಎಂದಳು ಅಮ್ಮ.

ಹೆಸರು ಅದೇ, ಮುಖವೂ ಫೋಟೋದಲ್ಲಿದ್ದದ್ದೇ ಎಂದು ನಾನು ಪಿಸುಗುಟ್ಟಿದೆ. ಬಣ್ಣ ಒಂದೇ ಇರಬಹುದು ಎಂದು ಅಮ್ಮ ಬ್ಯಾಗ್ ಎತ್ತಿಕೊಂಡಳು. ನನಗೆ ಮೈ ಉರಿಯಿತು. ಎಂಬತ್ತು ವರ್ಷ ಕಾದು, ಎದುರಿಗೆ ಬಂದು ನಿಂತರೆ ಬೇಡ ಅನ್ನುವುದೇ? ಅವಳು ಬೇರೆಯವರ ತಾಯಿಯನ್ನು ನೋಡಿ ಬಂದವಳಂತೆ, ಮುಖ ಬಿಗಿದುಕೊಂಡು ಬಾಗಿಲ ಕಡೆ ಹೊರಟಳು. ಉಳಿದ ತುಣುಕುಗಳೂ ಮುಗಿದು ಜನರೆಲ್ಲ ಹೊರಗಿನ ಕಾಫಿ ಮೇಜಿಗೆ ಹೋದರು. ಅಷ್ಟು ಹೊತ್ತಿಗೂ ಅಮ್ಮ ಬಾಗಿಲು ಮುಟ್ಟಿರಲಿಲ್ಲ. ಸಾಲುಗಳ ನಡುವೆಯೇ ನಿಂತು ಜಾಕೆಟ್ಟಿನ ಜಿಪ್ ಎಳೆದುಕೊಳ್ಳುತ್ತಾ, ಆ ಎತ್ತು ನೋಡಿದೆಯಾ ಎಂದು ಕೇಳಿದಳು.

ನಾನು ನೋಡಿರಲಿಲ್ಲ.

“ಅದೂ ಓಡ್ತಿತ್ತು. ಗಾಡಿ ತುಂಬ ಮೂಟೆ ಹೇರಿದಾರೆ. ಯಾವ ಊರಲ್ಲಿ ಎತ್ತು ಹಾಗೆ ಓಡತ್ತೆ?”

ಮೂವತ್ತು ವರ್ಷ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಡ್ರೈವ್ ಮಾಡಿದವಳಿಗೆ ಎತ್ತಿನ ವೇಗ ಹೊಳೆಯಬೇಕಾದರೆ ಸ್ವಲ್ಪ ಹೊತ್ತು ಬೇಕು. ಆಮೇಲೆ ಕೈಯಿಂದ ತಿರುಗಿಸುತ್ತಿದ್ದ ಆ ಕ್ಯಾಮೆರಾ ಹಿಡಿ ನೆನಪಾಯಿತು. ಆಗ ಕ್ಯಾಮೆರಾದವನು ನಿಧಾನವಾಗಿ ತಿರುಗಿಸಿದ್ದನ್ನು ಲೈಬ್ರರಿಯವರು ಈಗಿನ ಸಿನಿಮಾದ ವೇಗದಲ್ಲಿ ಬಿಟ್ಟಿದ್ದರು, ಅದಕ್ಕೇ ಎಲ್ಲ ಓಡುತ್ತಿತ್ತು. ಲ್ಯಾಪ್‌ಟಾಪ್ ಮಡಚುತ್ತಿದ್ದ ಮುದುಕ ಸಂಘಟಕನಿಗೆ ಹೋಗಿ ಹೇಳಿದೆ. ಅವನು ಅದನ್ನು ಮತ್ತೆ ತೆರೆದು ನೋಡಿ ಹಣೆ ಚಚ್ಚಿಕೊಂಡ. ಬೇರೆ ತುಣುಕುಗಳಿಗೆಲ್ಲ ವೇಗ ಸರಿಪಡಿಸಿದ್ದನಂತೆ, ಇದೊಂದನ್ನು ಮರೆತಿದ್ದ. ನನ್ನ ಕ್ಷಮೆ ಕೇಳಿದ, ಅಮ್ಮನ ಕ್ಷಮೆ ಕೇಳಿದ. ಎತ್ತು ಸಿಕ್ಕಿದ್ದರೆ ಅದರದ್ದೂ ಕೇಳುತ್ತಿದ್ದ.

ಖಾಲಿ ಕೋಣೆಯಲ್ಲಿ ನಮ್ಮ ಮೂವರಿಗಾಗಿ ಮತ್ತೆ ಹಾಕಿದ. ಈ ಸಲ ಪಿಯಾನೋ ಇರಲಿಲ್ಲ. ಎತ್ತು ಎತ್ತಿನಂತೆ ಬಂತು. ಅಜ್ಜಿ ಮಂಟಪದಿಂದ ಇಳಿದಳು. ತಲೆಯ ಮೇಲೆ ತುಂಬಿದ ಕೊಡ ಇದ್ದವಳಂತೆ, ಒಂದು ಹೆಜ್ಜೆ ಪೂರ್ತಿ ಊರಿದ ಮೇಲೆಯೇ ಇನ್ನೊಂದನ್ನು ಎತ್ತುತ್ತಿದ್ದಳು. ಯಾರೋ ಬೇಗ ಎಂದು ಕೂಗಿರಬೇಕು. ಒಮ್ಮೆ ಕ್ಯಾಮೆರಾದ ಪಕ್ಕಕ್ಕೆ ನೋಡಿ, ತನ್ನ ಪಾಡಿಗೆ ತಾನು ನಡೆದಳು.

ಅಮ್ಮ ಬ್ಯಾಗನ್ನು ನೆಲಕ್ಕಿಟ್ಟಳು.

“ಹೂಂ, ಇವಳೇ” ಎಂದಳು. “ಇವಳ ದೆಸೆಯಿಂದ ದಿನಾ ಸ್ಕೂಲಲ್ಲಿ ಬೆಂಚ್ ಮೇಲೆ ನಿಂತ್ಕೋತಿದ್ದೆ.”

ನನಗೆ ಅಳು ಬಂತು. ಮಗಳು ನನಗೊಂದು ಟಿಶ್ಯೂ ಕೊಟ್ಟು ತಾನೊಂದು ತೆಗೆದುಕೊಂಡಳು. ಅಮ್ಮನಿಗೆ ಬೇಕಾಗಿರಲಿಲ್ಲ. ನಾವು ಕೇಳದೆಯೇ ಮುದುಕ ಇನ್ನೊಂದು ಸಲ ಹಾಕಿದ. ಇದಕ್ಕಿಂತ ನಿಧಾನ ಮಾಡಲು ಆಗುತ್ತದೆಯೇ ಕೇಳು ಎಂದಳು ಅಮ್ಮ. ಕೇಳಿದೆ, ಮಾಡಿದ. ಅಜ್ಜಿ ಈಗ ತಡೆತಡೆದು ನಡೆಯತೊಡಗಿದಳು. ಇನ್ನೂ ನಿಧಾನ ಎಂದಳು ಅಮ್ಮ. ಇದಕ್ಕಿಂತ ನಿಧಾನ ಮಾಡಿದರೆ ಬರೀ ಫೋಟೋ ಆಗುತ್ತದೆ ಎಂದ ಅವನು. ಅದನ್ನು ನಾನು ಅಮ್ಮನಿಗೆ ಹೇಳಿದೆ.

“ಫೋಟೋ ಬೇಡ. ಅದು ಮನೇಲಿದೆ.”

ಮತ್ತೆ ಯಾಕಮ್ಮ, ನಡಿಗೆ ಸರಿಯಾಗೇ ಕಂಡಿತಲ್ಲ ಎಂದೆ. ಅಮ್ಮ ತೆರೆಯಿಂದ ಕಣ್ಣು ತೆಗೆಯಲಿಲ್ಲ. ಅಜ್ಜಿ ಗಾಡಿಗೆ ದಾರಿ ಬಿಟ್ಟು ಈ ಕಡೆ ತಿರುಗಿದ್ದಳು.

“ಆ ಬಾಗಿಲು ದಾಟಿದ್ಮೇಲೆ ಬರಲ್ಲ ಕಣೇ.”

ಏನಂದರು ಎಂದು ಮುದುಕ ಕೇಳಿದ. ಇನ್ನೂ ಸ್ವಲ್ಪ ನಿಧಾನ ಮಾಡಬೇಕಂತೆ ಎಂದಷ್ಟೇ ಹೇಳಿದೆ.